ವಯಸ್ಸು ನೋಡದೆ ಬರೆದ ರಿಪೋರ್ಟ್

ಲ್ಯಾಬ್‌ನಲ್ಲಿ ನನ್ನ ಕೆಲಸ ಫ್ಲೋ ಸೈಟೋಮೀಟರ್ ಮೇಲೆ. ಬಿಳಿ ರಕ್ತಕಣಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಲೇಸರ್ ಮುಂದೆ ಒಂದೊಂದಾಗಿ ಹರಿಸಿ, ಯಾವ ಬಗೆಯವು ಎಷ್ಟಿವೆ ಎಂದು ಎಣಿಸುವುದು.

ಸೇರಿದ ಹೊಸದರಲ್ಲಿ ಬಿ ಕಣಗಳ ಪರೀಕ್ಷೆಗೆ ಒಂದು ಸ್ಯಾಂಪಲ್ ಬಂತು. ಆ್ಯಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕಣಗಳು ಹುಟ್ಟುವುದು ಇವುಗಳಿಂದಲೇ. ಪರದೆಯಲ್ಲಿ ಸಿಡಿ27, ಅಂದರೆ ಕಣದ ಮೇಲಿನ ಒಂದು ಗುರುತು ಪ್ರೋಟೀನ್, ಅದರ ಗೆರೆಯ ಮೇಲ್ಭಾಗ ಹೆಚ್ಚುಕಮ್ಮಿ ಖಾಲಿ. ಚುಕ್ಕಿಗಳೆಲ್ಲ ಕೆಳಗೇ ಗುಂಪುಗಟ್ಟಿದ್ದವು. ಗೆರೆಯ ಮೇಲಿರುವವು ಮೆಮೊರಿ ಕಣಗಳು, ಅಂದರೆ ಒಮ್ಮೆ ರೋಗಾಣು ಕಂಡು ಪಳಗಿದವು. "ಮೆಮೊರಿ ಕಣ ತೀರಾ ಕಡಿಮೆ" ಎಂದು ಬರೆದು ಸಹಿಗೆ ಇಟ್ಟೆ.

ಮೇಡಂ ಕೇಳಿದ್ದು ಒಂದೇ ಮಾತು: "ಮಗುವಿಗೆ ಎಷ್ಟು ತಿಂಗಳು?"

ಫಾರಂ ನೋಡಿದೆ. ಮೂರು. ನಾನು ಹೋಲಿಸಿದ್ದು ದೊಡ್ಡವರ ಪಟ್ಟಿಗೆ. ಅದು ಹಾಗೇ ಹೋಗಿದ್ದರೆ ಆ ತಂದೆತಾಯಿ ಎಷ್ಟು ಹೆದರುತ್ತಿದ್ದರು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹುಟ್ಟಿದ ಮಗುವಿನ ಬಿ ಕಣಗಳು ಹೆಚ್ಚಿನವು ಇನ್ನೂ ಏನನ್ನೂ ಕಾಣದವು. ಸಂಖ್ಯೆಯಲ್ಲಿ ಮಾತ್ರ ಕಡಿಮೆಯಿಲ್ಲ, ಮೊದಲ ವರ್ಷಗಳಲ್ಲಿ ದೊಡ್ಡವರಿಗಿಂತ ಜಾಸ್ತಿಯೇ. ಸೋಂಕು, ಲಸಿಕೆ ಒಂದೊಂದೂ ಕಲಿಸುತ್ತಾ ಹೋದಂತೆ ಮೆಮೊರಿ ಕಣಗಳ ಪಾಲು ವರ್ಷವರ್ಷಕ್ಕೆ ಏರುತ್ತದೆ. ಐಜಿಎಂ, ಐಜಿಎ, ಐಜಿಜಿ ಎಂಬ ಆ್ಯಂಟಿಬಾಡಿ ಬಗೆಗಳೂ ಒಟ್ಟಿಗೆ ಬೆಳೆಯುವುದಿಲ್ಲ. ಐಜಿಎಂ ಸುಮಾರು ಒಂದು ವರ್ಷಕ್ಕೆ ದೊಡ್ಡವರ ಮಟ್ಟದ ಹತ್ತಿರ ಬಂದರೆ, ಐಜಿಎ ಹದಿಹರೆಯದವರೆಗೂ ಏರುತ್ತಲೇ ಇರುತ್ತದೆ.

ಐಜಿಜಿ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ನವಜಾತ ಶಿಶುವಿನ ರಕ್ತದಲ್ಲಿ ಅದು ಚೆನ್ನಾಗಿಯೇ ಇರುತ್ತದೆ, ಆದರೆ ಹೆಚ್ಚುಕಮ್ಮಿ ಅಷ್ಟೂ ತಾಯಿಯದು, ಹೊಕ್ಕುಳಬಳ್ಳಿಯ ಮೂಲಕ ಬಂದದ್ದು. ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಮಗು ತಾನೇ ತಯಾರಿಸುವುದು ನಿಧಾನ, ಹಾಗಾಗಿ ಮೂರರಿಂದ ಆರು ತಿಂಗಳಲ್ಲಿ ತೀರಾ ತಗ್ಗುತ್ತದೆ. ಅದು ಸಹಜ. ಆದರೆ 1952ರಲ್ಲಿ ಬ್ರೂಟನ್ ಎಂಬ ವೈದ್ಯರು ಮೊದಲು ವಿವರಿಸಿದ ಕಾಯಿಲೆಯಿರುವ ಗಂಡುಮಗುವಿಗೆ ಬಿ ಕಣಗಳೇ ಹೆಚ್ಚುಕಮ್ಮಿ ಇರುವುದಿಲ್ಲ. ಹುಟ್ಟಿದಾಗ ಐಜಿಜಿ ಮಾತ್ರ ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ತಾಯಿಯದು ಖಾಲಿಯಾದ ಮೇಲೆ ಮಗು ಮೇಲಿಂದ ಮೇಲೆ ಕಾಯಿಲೆ ಬೀಳುತ್ತದೆ.

ಈಗ ಮಕ್ಕಳ ಟ್ಯೂಬ್ ಬಂದರೆ ಬಣ್ಣ ಹಚ್ಚುವ ಮೊದಲೇ ವಯಸ್ಸನ್ನು ದಿನಗಳಲ್ಲಿ ಬರೆದಿಡುತ್ತೇನೆ. ಫಾರಂನಲ್ಲಿ ಇಲ್ಲದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಮೂರು ತಿಂಗಳ ಮಗುವಿನಲ್ಲಿ ಸಿಡಿ27 ಜಾಗ ಖಾಲಿ ಕಂಡರೆ ಗಾಬರಿಯಿಲ್ಲ. ಬಿ ಕಣಗಳ ಗುರುತಾದ ಸಿಡಿ19 ಜಾಗವೇ ಖಾಲಿ ಕಂಡರೆ, ಇನ್ನೊಂದು ಟ್ಯೂಬ್ ಹಚ್ಚಿ ಖಚಿತಮಾಡಿಕೊಂಡು, ರಿಪೋರ್ಟ್ ಟೈಪ್ ಆಗುವುದನ್ನು ಕಾಯದೆ ಡಾಕ್ಟರಿಗೆ ಫೋನ್ ಮಾಡುತ್ತೇನೆ.