ಒಂದು ಮೊಳ ಕಡಿಮೆಯ ಗುಡ್ಡ

ಏಪ್ರಿಲ್ 24, ಶುಕ್ರವಾರ
ಅಬರ್ಡೀನ್

ಭಾವನ ಜೊತೆ ಇವತ್ತು ಮಾತು ಸ್ವಲ್ಪ ಜೋರಾಗಿಯೇ ಆಯಿತು. ಅಕ್ಕ ಪಲ್ಯದ ಪಾತ್ರೆ ತಂದು ನಕ್ಷೆಯ ಮೇಲೆಯೇ ಇಟ್ಟು, "ಗುಡ್ಡ ಆಮೇಲೆ ಹತ್ತಿ, ಈಗ ತಿನ್ನಿ" ಎಂದ ಮೇಲೆ ಇಬ್ಬರೂ ಸುಮ್ಮನಾದೆವು.

ವಿಷಯ ಇಷ್ಟೇ. ಮೇ ಕೊನೆಯ ವಾರ ಫಿಶರ್‌ಫೀಲ್ಡ್‌ಗೆ ಹೋಗುವುದೆಂದು ಚಳಿಗಾಲದಿಂದಲೂ ಅಂದುಕೊಂಡಿದ್ದೇವೆ. ವಾಯವ್ಯ ಸ್ಕಾಟ್ಲೆಂಡಿನ ಆ ಮೂಲೆಯೊಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ. ಮೊದಲ ದಿನ ಕೊರಿ ಹ್ಯಾಲಿಯಿಂದ ನಡೆದು ಶೆನವಾಲ್‌ನ ಹಳೆಯ ಕಲ್ಲಿನ ಮನೆಯಲ್ಲಿ ರಾತ್ರಿ. ಎರಡನೆಯ ದಿನ ಹೊಳೆ ದಾಟಿ ಬೆನ್ ಅ ಕ್ಲೈವ್ ಹತ್ತಿ, ಅಲ್ಲಿಂದ ಏಣಿನ ಮೇಲೇ ಸ್ಕೂರ್ ಬಾನ್, ಮುಲ್ಲಖ್, ಬೆನ್ ಟಾರ್ಸಿನ್. ಮೂರನೆಯ ದಿನ ಅ ವೈಜನ್ ಮತ್ತು ರುವಾ ಸ್ಟಾಕ್ ಮೋರ್. ನಾಲ್ಕನೆಯ ದಿನ ಕಾರ್ನ್‌ಮೋರ್ ಮೇಲಿಂದ ಪೂಲ್‌ಯೂ. ಒಟ್ಟು ಆರು ಶಿಖರ. ಭಾವನ ಲೆಕ್ಕದಲ್ಲಿ ಐದು.

"ಕ್ಲೈವ್ ಮನ್ರೋ ಅಲ್ಲ, ಬಿಟ್ಟುಬಿಡೋಣ" ಎನ್ನುತ್ತಾರೆ ಅವರು.

ಸರ್ ಹ್ಯೂ ಮನ್ರೋ 1891ರಲ್ಲಿ ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದ. ಆ ಪಟ್ಟಿಯ ಬೆಟ್ಟಗಳಿಗೇ ಮನ್ರೋ ಎಂದು ಹೆಸರು. ಇವತ್ತಿಗೆ ಅದರಲ್ಲಿ 282 ಹೆಸರುಗಳು. ಅಕ್ಕನ ಫ್ರಿಜ್ ಬಾಗಿಲಿಗೆ ಅಂಟಿಸಿರುವುದು ಅದೇ ಪಟ್ಟಿ, ಹತ್ತಿ ಇಳಿದದ್ದಕ್ಕೆಲ್ಲ ಹಸಿರು ಶಾಯಿಯ ಗುರುತು. ಕ್ಲೈವ್ ಕೂಡ ಅದರಲ್ಲಿತ್ತು. 2011ರಲ್ಲಿ ಉಪಗ್ರಹ ಸಾಧನ ಹೊತ್ತು ಹೋಗಿ ಸರಿಯಾಗಿ ಅಳೆದಾಗ 913.96 ಮೀಟರ್ ಬಂತು. 3,000 ಅಡಿಗೆ ಬೇಕಿದ್ದದ್ದು 914.4. ಮರುವರ್ಷ ಪಟ್ಟಿಯಿಂದ ಹೊರಗೆ. ಫಿಶರ್‌ಫೀಲ್ಡಿನ ಆರು ಎಂದು ಜನ ಕರೆಯುತ್ತಿದ್ದುದು ಐದಾಯಿತು. ಗುಡ್ಡಕ್ಕೆ ಇದೇನೂ ಗೊತ್ತಿಲ್ಲ.

ಏಣು ಶುರುವಾಗುವುದೇ ಕ್ಲೈವ್‌ನಿಂದ. ತಲೆ ಬಿಟ್ಟು ಭುಜದಿಂದ ಹತ್ತುವುದಕ್ಕೆ ನನಗೆ ಮನಸ್ಸಿಲ್ಲ. ಭಾವನಿಗೆ ಅದು ಹಸಿರು ಗುರುತು ಸಿಗದ ಎಂಟುನೂರು ಮೀಟರ್ ಏರು. "ಮನ್ರೋ ತನ್ನ ಪಟ್ಟಿಯನ್ನು ತಾನೇ ಮುಗಿಸದೆ 1919ರಲ್ಲಿ ತೀರಿಕೊಂಡ, ನಿಮಗೇಕೆ ಇಷ್ಟು ನಿಷ್ಠೆ" ಎಂದೆ. ಆ ಮಾತು ಅವರಿಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನು. ಊರಿನಲ್ಲಿ ಆಗ ರಾತ್ರಿ ಹತ್ತೂವರೆ, ಇನ್ನೂ ಮಲಗಿರಲಿಲ್ಲ. ಅಕ್ಕ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, ನ್ಯಾಯ ನೀನೇ ಹೇಳು ಎಂದಳು. ನಲವತ್ತನಾಲ್ಕು ಸೆಂಟಿಮೀಟರ್ ಎಂದರೆ ಎಷ್ಟು ಎಂದು ಅಮ್ಮ ಕೇಳಿದರು. ಭಾವ ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದರು.

"ಒಂದು ಮೊಳವೂ ಇಲ್ಲವಲ್ಲ! ಅಷ್ಟಕ್ಕೆ ಗುಡ್ಡವನ್ನು ಬಿಡುತ್ತೀರಾ?"

ನನಗೆ ಗೆದ್ದ ಸಂತೋಷ. ಆದರೆ ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಅಕ್ಕ ನಕ್ಷೆಯನ್ನು ಕ್ಯಾಮೆರಾಕ್ಕೆ ಹಿಡಿದಿದ್ದಳು. ಅದರಲ್ಲಿ ಅಮ್ಮನ ಕಣ್ಣಿಗೆ ಬಿದ್ದದ್ದು ಶೆನವಾಲ್ ಮತ್ತು ಕ್ಲೈವ್ ನಡುವಿನ ನೀಲಿ ಗೆರೆ.

"ಅದು ಹೊಳೆಯಲ್ಲವೇ? ಸಂಕ ಇದೆಯೇ?"

"ಇಲ್ಲ ಅತ್ತೆ. ನೀರಿಗೆ ಇಳಿದೇ ದಾಟಬೇಕು. ಸಾಮಾನ್ಯವಾಗಿ ಮೊಣಕಾಲಿನವರೆಗೆ ಬರುತ್ತದೆ."

"ಮಳೆ ಬಂದರೆ?"

"ದಾಟುವುದಿಲ್ಲ."

"ಸರಿ, ದಾಟುವುದಿಲ್ಲ. ಆಗ ಎಲ್ಲಿ ಕುಳಿತಿರುತ್ತೀರಿ? ಊಟಕ್ಕೆ ಏನು?"

ಭಾವ ಎದುರಿಗಿದ್ದ ಲ್ಯಾಪ್‌ಟಾಪನ್ನು ನೋಡಿದರು. ಅದರ ಕೋಷ್ಟಕದಲ್ಲಿ ಗಂಟೆಗೊಂದು ಕಂಬ, ಮೀಟರಿಗೊಂದು ಕಂಬ, ಗ್ರಾಮಿಗೊಂದು ಕಂಬ ಇದೆ. 1892ರ ನೈಸ್ಮಿತ್ ಸೂತ್ರ ಹಾಕಿ ಒಂದೊಂದು ಶಿಖರಕ್ಕೂ ಹೊತ್ತು ಕಟ್ಟಿದ್ದಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಎರಡನೆಯ ದಿನದ ಸುಮಾರು ಒಂದೂವರೆ ಸಾವಿರ ಮೀಟರ್ ಏರಿಗೆ ಬೆನ್ನ ಚೀಲದ ಭಾರವೆಂದು, ಸ್ಕೂರ್ ಬಾನ್‌ನ ಸಡಿಲು ಕಲ್ಲುಗಳೆಂದು ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸಿದ್ದಾರೆ. ಸುಮ್ಮನೆ ಕುಳಿತಿರುವುದಕ್ಕೆ ಮಾತ್ರ ಕಂಬವೇ ಇಲ್ಲ.

ಅಮ್ಮ ಹಳೆಯ ಕಥೆ ತೆಗೆದರು. ನಮ್ಮ ಹೊಳೆಗೆ ಕಾಲುಸಂಕ ಇಲ್ಲದಿದ್ದ ಕಾಲ. ಆಷಾಢದಲ್ಲಿ ಸಂತೆಗೆ ಹೋದ ಅಪ್ಪ ಹಿಂತಿರುಗುವಷ್ಟರಲ್ಲಿ ಹೊಳೆ ಬಂದಿತ್ತು. ಎರಡು ರಾತ್ರಿ ಆಚೆ ದಡದ ಭಟ್ಟರ ಮನೆಯಲ್ಲೇ ಉಳಿದರಂತೆ. ಈಚೆ ದಡದಲ್ಲಿ ಅಮ್ಮನಿಗೆ ಊಟ ಸೇರದು. "ಮೂರನೆಯ ದಿನ ಬಂದ ಮೇಲೆ ಗೊತ್ತಾಯಿತು, ಅಲ್ಲಿ ಕುಳಿತು ಇಸ್ಪೀಟು ಆಡುತ್ತಿದ್ದರು. ಅಳಿಯಂದಿರೇ, ನೀವೂ ಒಂದು ಕಟ್ಟು ಇಸ್ಪೀಟು ಇಟ್ಟುಕೊಳ್ಳಿ."

ಅಕ್ಕ ನಕ್ಕಳು, ನಾನೂ ನಕ್ಕೆ. ಭಾವ ನಗಲಿಲ್ಲ. ಕೋಷ್ಟಕದಲ್ಲಿ ಮೊದಲ ಮತ್ತು ಎರಡನೆಯ ದಿನದ ನಡುವೆ ಒಂದು ಸಾಲು ಸೇರಿಸಿ, "ಹೊಳೆ" ಎಂದು ಬರೆದರು. ಅವರ ಈ ಗುಣ ನನಗೆ ಇಷ್ಟ.

ಆ ಒಂದು ಸಾಲಿನಿಂದ ಎಲ್ಲವೂ ಅಲ್ಲಾಡಿತು. ಒಂದು ದಿನದ ಊಟ ಹೆಚ್ಚಾಯಿತು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಅಕ್ಕನ ಪುಳಿಯೋಗರೆ ಗೊಜ್ಜು, ಎಲ್ಲ ಸೇರಿ ಆರುನೂರು ಗ್ರಾಂ ಎಂದುಕೊಂಡರೂ ಬೇರೆಲ್ಲಿಂದಲಾದರೂ ಅಷ್ಟು ತೂಕ ಇಳಿಯಬೇಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಈಗಾಗಲೇ ಅರ್ಧವಾಗಿದೆ. ಒಂದು ವಾರದ ರಜೆ ಕೇಳಿದ್ದೆ, ಇನ್ನೊಂದು ದಿನ ಸೇರಿಸಿ ಕೇಳಬೇಕು. ಹೊಸ ಮೇಲಧಿಕಾರಿಗೆ ಹೊಳೆಯ ಕಾರಣ ಹೇಳಿದರೆ ಹೇಗಿರುತ್ತದೋ.

ಶೆನವಾಲ್‌ನಲ್ಲಿ ಉಳಿಯಲು ಬಾಡಿಗೆಯಿಲ್ಲ, ಮುಂಗಡ ಕಾಯ್ದಿರಿಸುವಂತೆಯೂ ಇಲ್ಲ. 1965ರಲ್ಲಿ ಹುಟ್ಟಿದ ಮೌಂಟನ್ ಬಾಥಿಸ್ ಅಸೋಸಿಯೇಷನ್‌ನ ಸ್ವಯಂಸೇವಕರು ಇಂಥ ಮನೆಗಳನ್ನು ನೋಡಿಕೊಳ್ಳುತ್ತಾರೆ. ಹಲಗೆಯ ಮೇಲೆ ಮಲಗುವುದು, ಗುಡಿಸಿಟ್ಟು ಹೊರಡುವುದು. ಜಾಗವಿಲ್ಲದಿದ್ದರೆ ಹೊರಗೆ ಗುಡಾರ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಇರುವುದರಿಂದ ಯಾರ ಅಪ್ಪಣೆಯೂ ಬೇಡ. ಕುಮಾರಪರ್ವತಕ್ಕೆ ಅನುಮತಿ ಚೀಟಿ ಬೇಕೆನ್ನುವ ಕಾಲದಲ್ಲಿ ಇದು ನನಗೆ ಇನ್ನೂ ಅತಿ ಉದಾರವೆನಿಸುತ್ತದೆ. ನುಸಿಗಳ ವಿಷಯದಲ್ಲಿ ಮಾತ್ರ ಈ ದೇಶವನ್ನು ಹೊಗಳಲಾರೆ. ಗಾಳಿ ನಿಂತರೆ ಮುಖದ ಮೇಲೆ ಮೋಡದಂತೆ ಕೂರುತ್ತವೆ. ನಮ್ಮ ಇಂಬಳವೇ ವಾಸಿ, ಕಚ್ಚಿದ್ದಾದರೂ ಗೊತ್ತಾಗುವುದಿಲ್ಲ.

ಊಟವಾದ ಮೇಲೆ ಭಾವ ಇನ್ನೊಂದು ದಾರಿ ತೋರಿಸಿದರು. ನೀರು ಹೆಚ್ಚಿದ್ದರೆ ಹೊಳೆಯನ್ನು ದಾಟದೆ, ಈಚೆ ದಡದಲ್ಲೇ ಮೇಲಕ್ಕೆ ಲಾಕ್ ಅನ್ ನಿಡ್ ಎಂಬ ಸರೋವರದವರೆಗೆ ನಡೆಯುವುದು. ಅಲ್ಲಿ ಹೊಳೆ ಇನ್ನೂ ಚಿಕ್ಕದು. ದಾಟಿ, ಬಿಳಿ ಬಂಡೆಗಳ ಮೇಲಿಂದ ನೇರವಾಗಿ ಸ್ಕೂರ್ ಬಾನ್. ಅಂದರೆ ಕ್ಲೈವ್ ಇಲ್ಲ. ಐದೇ.

"ಇದು ಪಟ್ಟಿಗಾಗಿ ಅಲ್ಲ, ನೀರಿಗಾಗಿ" ಎಂದರು. ನಂಬಿದೆ. ಅರ್ಧ ನಂಬಿದೆ ಎನ್ನುವುದು ಸರಿ.

ಹೊಳೆ ಒಂದು ಹಗಲಿನಲ್ಲಿ ಇಳಿಯುವುದಾದರೆ ಕುಳಿತು ಕಾಯುವುದೋ, ಸುತ್ತು ಹಾಕುವುದೋ? ಅಲ್ಲಿಗೆ ಹೋಗಿ ನೀರು ನೋಡಿ ತೀರ್ಮಾನಿಸೋಣ ಎನ್ನಬಹುದು. ಆದರೆ ದಡದಲ್ಲಿ ನಿಂತಾಗ ನಾನು ಕ್ಲೈವ್‌ನನ್ನೇ ನೋಡುತ್ತಿರುತ್ತೇನೆ, ಭಾವ ಗಡಿಯಾರವನ್ನು. ಅದಕ್ಕೇ ಮೊದಲೇ ಬರೆದಿಟ್ಟುಕೊಳ್ಳಬೇಕು: ನೀರು ಮೊಣಕಾಲು ದಾಟಿದರೆ ಇಳಿಯುವುದಿಲ್ಲ, ಮಧ್ಯಾಹ್ನ ಹನ್ನೆರಡರೊಳಗೆ ತಗ್ಗದಿದ್ದರೆ ಆ ದಿನ ಅಲ್ಲೇ. ಟಾರ್ಸಿನ್ ಇಳಿದ ಮೇಲಿನ ಜೌಗು ದಾಟಿದರೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ. ಅಲ್ಲಿ ನನ್ನ ಎಡ ಮೊಣಕಾಲು ತಕರಾರು ತೆಗೆದರೆ ಎಂಬುದಕ್ಕೆ ಇನ್ನೂ ಸಾಲು ಹಾಕಿಲ್ಲ. ಮೊಣಕಾಲಿನ ವಿಷಯ ಭಾವನಿಗೆ ಹೇಳಿಯೂ ಇಲ್ಲ. ಭಾನುವಾರ ಇಲ್ಲೇ ಹತ್ತಿರದ ಬೆನ್ನಹೀ ಗುಡ್ಡ ಹತ್ತಿ ಇಳಿದು ನೋಡಿ, ಆಮೇಲೆ ಹೇಳುವುದೋ ಅಥವಾ