ಆರ್‌ಸಿಬಿ ಇರುವಾಗ ರಣಜಿ ಯಾಕೆ, ಒಟಿಟಿ ಇರುವಾಗ ಚಂದನ ಯಾಕೆ?

"ಅಲ್ಲ ಸಾರ್, ಖಾಲಿ ಸ್ಟೇಡಿಯಮ್ಮಲ್ಲಿ ಕೂತು ರಣಜಿ ನೋಡ್ತೀರಲ್ಲ, ಏನಿದೆ ಅದರಲ್ಲಿ?" ಎಂದು ಆಫೀಸಿನಲ್ಲಿ ಕೇಳುತ್ತಾರೆ. ಮನೆಗೆ ಬಂದರೆ ಅಣ್ಣನ ಮಗಳು, "ಚಿಕ್ಕಪ್ಪ, ಇಷ್ಟೊಂದು ವೆಬ್ ಸೀರೀಸ್ ಇವೆ, ನೀವು ಇನ್ನೂ ಥಟ್ ಅಂತ ಹೇಳಿ ನೋಡ್ತೀರಾ?" ಅನ್ನುತ್ತಾಳೆ. ಒಂದು ರಾಜ್ಯ ತಂಡಗಳು ದಿನಗಟ್ಟಲೆ ಆಡುವ ಕ್ರಿಕೆಟ್ ಬಗ್ಗೆ, ಇನ್ನೊಂದು ದೂರದರ್ಶನದ ಚಂದನ ಚಾನೆಲ್ಲಿನ ಕ್ವಿಜ್ ಬಗ್ಗೆ. ಅವರ ಲೆಕ್ಕದಲ್ಲಿ ಇವು ಎರಡು ಬೇರೆ ಪ್ರಶ್ನೆ. ನನ್ನ ಹತ್ತಿರ ಇರುವುದು ಎರಡಕ್ಕೂ ಒಂದೇ ಉತ್ತರ. ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಆರ್‌ಸಿಬಿ ಅಭಿಮಾನಿ. 2009, 2011, 2016, ಮೂರು ಫೈನಲ್ ಸೋತಾಗಲೂ ಸಂಕಟಪಟ್ಟವನು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ 6 ರನ್‌ಗಳಿಂದ ಗೆದ್ದಾಗ ನಮ್ಮ ಬೀದಿಯೆಲ್ಲ ಎದ್ದು ಕುಣಿಯಿತು, ನಾನೂ ಕುಣಿದೆ. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ತಮ್ಮ ತಂಡವನ್ನು ಕಣ್ತುಂಬ ನೋಡಬೇಕು ಎಂದು ಬಂದವರು ಅವರು. ಆ ಕಪ್ಪಿನ ಫೋಟೋ ನೋಡಿದಾಗಲೆಲ್ಲ ಅವರ ನೆನಪು ಬರುತ್ತದೆ, ಬರಲೇಬೇಕು.

ಹಾಗಾದರೆ ರಣಜಿ ಯಾಕೆ? 2025ರ ಏಪ್ರಿಲ್‌ನ ಒಂದು ರಾತ್ರಿ ನೆನಪು ಮಾಡಿಕೊಳ್ಳಿ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮತ್ತು ಡೆಲ್ಲಿ ನಡುವೆ ಮ್ಯಾಚ್. ಡೆಲ್ಲಿ ಪರ ಕೆ.ಎಲ್. ರಾಹುಲ್ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ಸುತ್ತು ಗೆರೆ ಎಳೆದು, ಬ್ಯಾಟನ್ನು ಮಧ್ಯಕ್ಕೆ ಊರಿದರು. ಇದು ನನ್ನ ಜಾಗ ಅಂತ. 'ಕಾಂತಾರ' ಸಿನಿಮಾ ನೋಡಿ ಬಂದದ್ದು ಎಂದು ಆಮೇಲೆ ಅವರೇ ಹೇಳಿದರು. ಆವತ್ತು ಕೆಂಪು ಜೆರ್ಸಿ ಹಾಕಿಕೊಂಡವರಲ್ಲಿ ಎಷ್ಟೋ ಜನಕ್ಕೆ ಸಿಟ್ಟು ಬಂತು. ನನಗೆ ಬರಲಿಲ್ಲ. ಮಂಗಳೂರಲ್ಲಿ ಬೆಳೆದ ಹುಡುಗ, ಇದೇ ಮೈದಾನದಲ್ಲಿ ಕರ್ನಾಟಕಕ್ಕೆ ಆಡಿ ದೊಡ್ಡವನಾದವನು. ಅವನು ನನ್ನ ಜಾಗ ಅಂದರೆ ಇಲ್ಲ ಅನ್ನುವುದು ಹೇಗೆ?

ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ, ಆಟಗಾರರು ಬರುತ್ತಾರೆ, ಹೋಗುತ್ತಾರೆ. ಅದು ಆ ಆಟದ ನಿಯಮ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಬ್ಬ ಆಟಗಾರನ ಜೊತೆ ಮೊದಲಿನಿಂದ ಇರಬೇಕು, ಅವನಿಗೆ ಹೆಸರು ಬರುವ ಮೊದಲೇ ಅವನನ್ನು ನೋಡಿರಬೇಕು ಅನ್ನುವ ಆಸೆ ಇದ್ದರೆ ರಣಜಿಗೇ ಬರಬೇಕು. ವಿಶ್ವನಾಥ್ ಭದ್ರಾವತಿಯಿಂದ ಬಂದರು, ಸುನಿಲ್ ಜೋಶಿ ಗದಗಿನಿಂದ, ವಿನಯ್ ಕುಮಾರ್ ದಾವಣಗೆರೆಯಿಂದ. ಸ್ಕೋರ್‌ಬೋರ್ಡಲ್ಲಿ ಒಂದು ಹೆಸರು ಬಂದ ತಕ್ಷಣ ಯಾರೋ ಪಕ್ಕದಿಂದ "ನಮ್ಮ ಊರಿನವನು" ಅನ್ನುತ್ತಾರೆ. ಆ ಮಾತು ಕೇಳೋದೇ ಒಂದು ಖುಷಿ.

ನಮ್ಮಪ್ಪ 1974ರ ಸೆಮಿಫೈನಲ್ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ! ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಅದೇ ಸೀಸನ್ನಿನಲ್ಲಿ ನಮ್ಮ ತಂಡ ಬೆಂಗಳೂರಿನಲ್ಲಿ ಬಾಂಬೆಯ ಎದುರು ಆಡಿತು. ಬಾಂಬೆ ಎಂದರೆ ಸತತ 15 ವರ್ಷ ರಣಜಿ ಗೆದ್ದ ತಂಡ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆ ಕಡೆ ಬಾಂಬೆಯ ದೊಡ್ಡ ಬ್ಯಾಟ್ಸ್‌ಮನ್ ವಾಡೇಕರ್ ರನೌಟ್. ಪ್ರಸನ್ನ ಅವರ ಕ್ಯಾಪ್ಟನ್ಸಿಯಲ್ಲಿ ಕರ್ನಾಟಕ ಮೊದಲ ಇನಿಂಗ್ಸ್ ಲೀಡ್ ಮೇಲೆ (ಮ್ಯಾಚ್ ಡ್ರಾ ಆದರೆ ಮೊದಲ ಇನಿಂಗ್ಸಲ್ಲಿ ಹೆಚ್ಚು ರನ್ ಮಾಡಿದವರೇ ಗೆದ್ದ ಲೆಕ್ಕ) ಬಾಂಬೆಯನ್ನು ಮನೆಗೆ ಕಳಿಸಿತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಕಪ್ ಎತ್ತಿತು. ಹೊಸ ಹೆಸರು ಬಂದ ಮೊದಲ ವರ್ಷವೇ! ಅಪ್ಪನ ವಯಸ್ಸಿನವರಿಗೆ ಕರ್ನಾಟಕ ಅನ್ನುವ ಪದದ ಜೊತೆಗೆ ಆ ಗೆಲುವೂ ಸೇರಿಕೊಂಡಿದೆ.

ಗೆಲುವಷ್ಟೇ ಅಲ್ಲ, ಸೋಲುಗಳೂ ಹಾಗೆಯೇ ಜೊತೆಗೆ ಉಳಿದಿವೆ. 1981-82ರ ಫೈನಲ್‌ನಲ್ಲಿ ಡೆಲ್ಲಿ ವಿರುದ್ಧ ಕರ್ನಾಟಕ 705 ರನ್ ಹೊಡೆಯಿತು. ಯಾರಾದರೂ ಕಪ್ ನಮ್ಮದೇ ಅಂದುಕೊಳ್ಳುತ್ತಾರೆ, ಅಲ್ವಾ? ಡೆಲ್ಲಿ 8 ವಿಕೆಟ್‌ಗೆ 707 ಮಾಡಿತು. ಲೀಡ್ ಅವರದಾಯಿತು, ಕಪ್ಪೂ. ಮರುವರ್ಷ ನಮ್ಮವರು ಬಾಂಬೆಗೇ ಹೋಗಿ, ಮೊದಲ ಇನಿಂಗ್ಸ್ ಲೀಡ್ ತೆಗೆದುಕೊಂಡು ಗೆದ್ದು ಬಂದರು.

ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಮ್ಯಾಚ್ ಅಂದರೆ 2010ರ ಜನವರಿಯ ಮೈಸೂರು ಫೈನಲ್. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಉತ್ತರದ ಮುಕ್ಕಾಲು ಭಾಗ ಅದರಲ್ಲೇ ಇದೆ.

ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ. ಸುತ್ತ ಮರಗಳು. ಚಿನ್ನಸ್ವಾಮಿಯಂಥ ದೊಡ್ಡ ಸ್ಟ್ಯಾಂಡುಗಳಿಲ್ಲ. ಆದರೂ ಮೈಸೂರಿಗೆ ಮೈಸೂರೇ ಬಂದಿತ್ತು. ಕಾಲೇಜು ಹುಡುಗರು, ಸ್ಕೂಟರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬಂದವರು, ಟೋಪಿ ಹಾಕಿದ ರಿಟೈರ್ಡ್ ಮೇಷ್ಟ್ರುಗಳು. ಮುಂಬೈ ಮೊದಲು 233. ನಮ್ಮವರು 130ಕ್ಕೆ ಆಲೌಟ್. ಅಲ್ಲಿಗೆ ಮುಗಿಯಿತು ಎಂದುಕೊಂಡಾಗ, ಮೊದಲ ಸೀಸನ್ ಆಡುತ್ತಿದ್ದ ಅಭಿಮನ್ಯು ಮಿಥುನ್ ಎರಡನೇ ಇನಿಂಗ್ಸಲ್ಲಿ 6 ವಿಕೆಟ್ ಕಿತ್ತರು. ಗೆಲ್ಲಲು ಬೇಕಾದದ್ದು 338. ಮೂರು ವಿಕೆಟ್ ಬೇಗ ಹೋದವು. ಆಮೇಲೆ ಮನೀಶ್ ಪಾಂಡೆ, ಗಣೇಶ್ ಸತೀಶ್ ನಿಂತರು.

ಅವರಿಬ್ಬರೂ ಇನ್ನೂರಕ್ಕೂ ಜಾಸ್ತಿ ರನ್ ಸೇರಿಸಿದರು. ಟಿ20ಯಲ್ಲಿ ಇಡೀ ಇನಿಂಗ್ಸ್ ಮುಗಿದು, ಬಹುಮಾನ ಕೊಟ್ಟು, ಲೈಟ್ ಆರಿಸುವಷ್ಟು ಹೊತ್ತು ಇಬ್ಬರೇ ಆಡಿದರು. ಅಷ್ಟು ಹೊತ್ತು ನೋಡಿದರೆ ಆಟಗಾರನ ಒಂದೊಂದು ಅಭ್ಯಾಸವೂ ಗೊತ್ತಾಗಿಬಿಡುತ್ತದೆ. ಗ್ಲೌಸ್ ಹೇಗೆ ಸರಿಮಾಡಿಕೊಳ್ಳುತ್ತಾನೆ, ಬೀಟ್ ಆದ ಮೇಲೆ ಪಿಚ್ ಯಾವ ಕಡೆ ತಟ್ಟುತ್ತಾನೆ, ಎಲ್ಲ. ಪಾಂಡೆ 144, ಸತೀಶ್ 75. ಇಬ್ಬರೂ ಹೋದ ಮೇಲೆ ಮುಂಬೈ ಬೌಲರ್ ಅಗರ್ಕರ್ ಮತ್ತವರ ಜೊತೆಯವರು ಬಿಡಲಿಲ್ಲ. 331ಕ್ಕೆ ಆಲೌಟ್. ಆರೇ ಆರು ರನ್‌ನಿಂದ ಸೋಲು. ಮೈದಾನದಲ್ಲಿದ್ದ ಅಷ್ಟೂ ಜನ ತುಂಬ ಹೊತ್ತು ಎದ್ದು ಹೋಗಲೇ ಇಲ್ಲ. ಅಳುತ್ತಿದ್ದವರನ್ನೂ ನೋಡಿದೆ, ಎರಡೂ ತಂಡಕ್ಕೆ ಚಪ್ಪಾಳೆ ಹೊಡೆಯುತ್ತಿದ್ದವರನ್ನೂ ನೋಡಿದೆ.

ಆ ಪಾಂಡೆಯೇ ಅದರ ಹಿಂದಿನ ವರ್ಷ ಆರ್‌ಸಿಬಿ ಪರ ಸೆಂಚುರಿ ಹೊಡೆದು, ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಅನ್ನಿಸಿಕೊಂಡಿದ್ದ. ಆ ಸೆಂಚುರಿ ನೋಡಿ ಎಲ್ಲರಿಗೂ ಅವನ ಹೆಸರು ಗೊತ್ತಾಯಿತು. ಅವನು ಎಂಥ ಆಟಗಾರ ಅಂತ ನನಗೆ ಗೊತ್ತಾದದ್ದು ಮೈಸೂರಿನಲ್ಲಿ.

ಆಮೇಲೆ 2013-14, 2014-15ರಲ್ಲಿ ವಿನಯ್ ಕುಮಾರ್ ನಾಯಕತ್ವದಲ್ಲಿ ಎರಡು ವರ್ಷವೂ ರಣಜಿ, ಇರಾನಿ, ವಿಜಯ್ ಹಜಾರೆ, ಮೂರೂ ದೇಶೀಯ ಕಪ್‌ಗಳನ್ನು ಗೆದ್ದರು. ಎರಡನೇ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ಹೊಡೆದರು. ಮೈಸೂರಿನ ಸೋಲನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವರಿಗೆ ಆ ಎರಡು ವರ್ಷದ ಸಂತೋಷ ಬೇರೆಯದೇ.

ಖಾಲಿ ಸ್ಟೇಡಿಯಂ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ನಿಜ, ಖಾಲಿ ಇರುತ್ತದೆ. 2025ರ ಜನವರಿಯಲ್ಲಿ ಪಂಜಾಬ್ ತಂಡ ಚಿನ್ನಸ್ವಾಮಿಗೆ ಬಂದಿತ್ತು. ಶುಭ್‌ಮನ್ ಗಿಲ್ ಇದ್ದರು. ಆವತ್ತು ನಮ್ಮ ತಂಡದ ವಾಸುಕಿ ಕೌಶಿಕ್ ಬೌಲಿಂಗ್ ನೋಡಬೇಕಿತ್ತು ನೀವು. ಎಕ್ಸ್‌ಪ್ರೆಸ್ ಸ್ಪೀಡ್ ಇಲ್ಲ. ಆಫ್ ಸ್ಟಂಪ್ ಪಕ್ಕ ಒಂದೇ ಜಾಗದಲ್ಲಿ ಬಾಲ್ ಬೀಳುತ್ತಲೇ ಇರುತ್ತದೆ, ಬ್ಯಾಟ್ಸ್‌ಮನ್ ಬಿಡಲೂ ಆಗದೆ ಆಡಲೂ ಆಗದೆ ಒದ್ದಾಡುತ್ತಾನೆ. ಪಂಜಾಬ್ 55ಕ್ಕೆ ಆಲೌಟ್! ಕೌಶಿಕ್‌ಗೆ 4 ವಿಕೆಟ್. ಜನ ಕಡಿಮೆ ಇದ್ದದ್ದರಿಂದಲೇ ಬಾಲ್ ಬ್ಯಾಟಿನ ಅಂಚಿಗೆ ತಾಗಿದ ಟಿಕ್ ಶಬ್ದ ಸ್ಟ್ಯಾಂಡಿನವರೆಗೂ ಕೇಳುತ್ತದೆ. ಸ್ಲಿಪ್ಪಿನಲ್ಲಿ ನಿಂತವರು "ಬಾರೋ ಮಗಾ, ಇನ್ನೊಂದು ಅಲ್ಲೇ ಹಾಕು" ಅನ್ನುವುದು ಕನ್ನಡದಲ್ಲೇ ಕೇಳುತ್ತದೆ. ಆಮೇಲೆ ಸ್ಮರಣ್ ಅನ್ನುವ ಎಡಗೈ ಹುಡುಗ 203 ಹೊಡೆದ. ಎರಡನೇ ಇನಿಂಗ್ಸಲ್ಲಿ ಗಿಲ್ ಸೆಂಚುರಿ ಹೊಡೆದರೂ ಕರ್ನಾಟಕ ಇನಿಂಗ್ಸ್ ಗೆಲುವು ಪಡೆಯಿತು. ಮೂರೇ ದಿನದಲ್ಲಿ ಮುಗಿಯಿತು ಅನ್ನೋದಷ್ಟೇ ನನಗಿದ್ದ ಬೇಜಾರು.

ಇನ್ನು ಅಣ್ಣನ ಮಗಳ ಪ್ರಶ್ನೆ.

ಅವಳು ಹುಟ್ಟುವುದಕ್ಕೂ ಮೊದಲು, 1998ರಲ್ಲಿ, ಚಂದನದಲ್ಲಿ 'ಮಾಯಾಮೃಗ' ಬರುತ್ತಿತ್ತು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ಧಾರಾವಾಹಿ. ಸಂಜೆ ಟೈಟಲ್ ಹಾಡು ಶುರುವಾದರೆ ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಂಡು ಬರುತ್ತಿದ್ದರು. ಪಕ್ಕದ ಮನೆಯವರೂ ಬರುತ್ತಿದ್ದರು. ಎಪಿಸೋಡ್ ಮುಗಿದ ಮೇಲೆ ಅರ್ಧ ಗಂಟೆ ಚರ್ಚೆ. ಅದರ ಪಾತ್ರಗಳು ನಮ್ಮಂಥ ಮನೆಗಳಲ್ಲೇ ಇದ್ದವರು. ಕೆಲಸ ಹುಡುಕುವವರು, ಸಾಲ ಮಾಡಿಕೊಂಡವರು, ಹೇಳಬೇಕಾದ್ದನ್ನು ಹೇಳಲಾಗದವರು. ಆಮೇಲೆ 'ಮುಕ್ತ'ದಲ್ಲಿ ಸೀತಾರಾಂ ಅವರೇ ವಕೀಲ ಸಿಎಸ್‌ಪಿ ಆಗಿ ಕೋರ್ಟಿನಲ್ಲಿ ನಿಂತರೆ, ಒಂದು ಪಾಟೀಸವಾಲು ದಿನಗಟ್ಟಲೆ ನಡೆಯುತ್ತಿತ್ತು. ಯಾರೂ ಕೂಗಾಡುತ್ತಿರಲಿಲ್ಲ. ಸಾಕ್ಷಿ ಒಂದು ಉತ್ತರ ಕೊಟ್ಟು ಸ್ವಲ್ಪ ತಡವರಿಸಿದರೆ ಸಾಕು, ನಮ್ಮ ಮನೆಯಲ್ಲಿ "ಸಿಕ್ಕಿಬಿದ್ದ" ಅನ್ನುತ್ತಿದ್ದರು.

ನಿಧಾನವಾಗಿ ಹೋಗೋದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಒಬ್ಬರು ಬಾಗಿಲಲ್ಲಿ ನಿಂತರೆ ಮನೆಯವರೆಲ್ಲರ ಮುಖವನ್ನು ಸಿಡಿಲಿನ ಸದ್ದಿನ ಜೊತೆ ಮೂರು ಮೂರು ಸಲ ತೋರಿಸುವ ಧಾರಾವಾಹಿಗಳನ್ನು ನನ್ನ ಕೈಲಿ ನೋಡಲು ಆಗುವುದಿಲ್ಲ. ಅಲ್ಲಿ ಸಮಯ ಹೋಗುತ್ತದೆ, ಏನೂ ಬೆಳೆಯುವುದಿಲ್ಲ. ಪಾಂಡೆ ಮತ್ತು ಸತೀಶ್ ನಿಂತಿದ್ದಾಗ ಒಂದೊಂದು ಓವರಿಗೂ ಮ್ಯಾಚ್ ಸ್ವಲ್ಪ ಸ್ವಲ್ಪ ಬದಲಾಗುತ್ತಿತ್ತು. ಸಿಎಸ್‌ಪಿಯ ಒಂದೊಂದು ಪ್ರಶ್ನೆಗೂ ಕೇಸು ಹಾಗೇ ಬದಲಾಗುತ್ತಿತ್ತು. ನನಗೆ ಬೇಕಾದ ನಿಧಾನ ಅದು.

ವೆಬ್ ಸೀರೀಸ್ ನಾನೂ ನೋಡುತ್ತೇನೆ. ಒಂದು ರಾತ್ರಿಯಲ್ಲಿ ಎಂಟು ಎಪಿಸೋಡ್ ಮುಗಿಸಿದರೆ ವಾರದ ಹೊತ್ತಿಗೆ ಪಾತ್ರಗಳ ಹೆಸರೇ ಮರೆತಿರುತ್ತದೆ. ದಿನಕ್ಕೊಂದರಂತೆ ವರ್ಷಗಟ್ಟಲೆ ನೋಡಿದ ಪಾತ್ರಗಳು ನೆಂಟರ ಹಾಗೆ ಆಗಿಬಿಡುತ್ತವೆ. 2022ರಲ್ಲಿ 'ಮತ್ತೆ ಮಾಯಾಮೃಗ' ಬಂದಾಗ ಅಮ್ಮ ಮೊದಲು ಕೇಳಿದ್ದು ಕಥೆಯನ್ನಲ್ಲ, ಹಳೆಯ ಪಾತ್ರಗಳಲ್ಲಿ ಯಾರ್‍ಯಾರು ಇದ್ದಾರೆ ಎಂದು.

'ಥಟ್ ಅಂತ ಹೇಳಿ'ಗೆ ಬರುತ್ತೇನೆ. 2002ರಿಂದ ಚಂದನದಲ್ಲಿ ಬರುತ್ತಿರುವ ಕ್ವಿಜ್. ಡಾ. ನಾ. ಸೋಮೇಶ್ವರ ಅವರು ಬಣ್ಣದ ಶರ್ಟು ಹಾಕಿಕೊಂಡು ನಿಂತು ಪ್ರಶ್ನೆ ಕೇಳುತ್ತಾರೆ. ಸರಿ ಉತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ಕೋಟಿ ಇಲ್ಲ, ಕಾರಿಲ್ಲ. ಸ್ಪರ್ಧಿ ತಪ್ಪು ಹೇಳಿದರೆ ಢಣ್ ಎಂದು ಸದ್ದು ಮಾಡಿ ಹೆದರಿಸುವುದಿಲ್ಲ, ಸರಿ ಉತ್ತರ ಯಾಕೆ ಸರಿ ಎಂದು ವಿವರಿಸುತ್ತಾರೆ. ನನಗೆ ಆ ವಿವರಣೆಯೇ ಮುಖ್ಯ. ಅವರು ವೈದ್ಯರು, ಹಾಗಾಗಿ ದೇಹದ ಬಗ್ಗೆ ಪ್ರಶ್ನೆ ಬಂದರೆ ಒಂದು ಪುಟ್ಟ ಪಾಠವೇ ಆಗುತ್ತದೆ. ಬೇರೆ ಬೇರೆ ಊರುಗಳಿಂದ ಮೇಷ್ಟ್ರುಗಳು, ಬ್ಯಾಂಕಿನವರು, ಗೃಹಿಣಿಯರು ಬಂದು ಕೂರುತ್ತಾರೆ. ಗಾದೆಯ ಅರ್ಧ ಕೊಟ್ಟು ಉಳಿದರ್ಧ ಕೇಳಿದರೆ, ಅಪ್ಪ ಸೋಫಾದಲ್ಲಿ ಕೂತುಕೊಂಡು ಸ್ಪರ್ಧಿಗಿಂತ ಮೊದಲೇ ಹೇಳಿಬಿಡುತ್ತಾರೆ.

ಅಣ್ಣನ ಮಗಳು ಮೊನ್ನೆ ಮೊಬೈಲ್ ನೋಡುತ್ತಲೇ ಒಂದು ಉತ್ತರ ಹೇಳಿದಳು. ಸರಿಯಾಗಿತ್ತು. ಅಪ್ಪ ಅವಳ ಕಡೆ ನೋಡಿ, "ಭೇಷ್, ಪುಸ್ತಕ ನಾನು ಕೊಡಿಸ್ತೀನಿ" ಅಂದರು.

ಇಷ್ಟು ಹೇಳಿದ ಮೇಲೆ ಕೆಲವರು, ಸರಿ ಸಾರ್, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಸುಮ್ನೆ ಒಂದು ದಿನ ಬನ್ನಿ. ಕರ್ನಾಟಕದ ರಣಜಿ ಮ್ಯಾಚುಗಳು ಬೆಂಗಳೂರಲ್ಲಷ್ಟೇ ಅಲ್ಲ, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಲ್ಲೂ ನಡೆಯುತ್ತವೆ. ವೇಳಾಪಟ್ಟಿ ನೋಡಿಕೊಂಡು ನಿಮ್ಮ ಹತ್ತಿರದ ಊರಿಗೆ ಹೋಗಿ. ಸಾಮಾನ್ಯವಾಗಿ ಟಿಕೆಟ್ ತಗೊಳ್ಳಬೇಕಾಗಿಲ್ಲ. ಟೋಪಿ ತನ್ನಿ. ಮೊದಲ ದಿನ ಬೆಳಿಗ್ಗೆಯೇ ಬಂದರೆ ಒಳ್ಳೆಯದು, ಹೊಸ ಬಾಲ್ ಓಡಾಡುವುದು ಆಗಲೇ. ವಯಸ್ಸಾದವರ ಗುಂಪು ಎಲ್ಲಿ ಕೂತಿದೆಯೋ ಅಲ್ಲೇ ಪಕ್ಕದಲ್ಲಿ ಕೂರಿ, ಯಾವ ಟಿವಿಯಲ್ಲೂ ಸಿಗದ ಕಾಮೆಂಟರಿ ಸಿಗುತ್ತದೆ. ಲಂಚ್ ಹೊತ್ತಿಗೆ ಬೇಜಾರಾದರೆ ಎದ್ದು ಹೋಗಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಟೀ ತನಕ ಕೂತಿದ್ದರೆ, ಸ್ಮರಣ್ ಬ್ಯಾಟಿಂಗಿಗೆ ಬರುವ ಸಾಧ್ಯತೆ ಇದೆ. ಆ ಹುಡುಗನನ್ನು ಈಗಲೇ ನೋಡಿಬಿಡಿ.