ಓಡಿದ್ರೆ ಮಸಲ್ ಕರಗಿ ಹೋಗುತ್ತಾ?

ನಾನು ಓಡ್ತೀನಿ, ಜಿಮ್‌ಗೂ ಹೋಗ್ತೀನಿ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಒಂದೇ: ಎರಡೂ ಮಾಡಿದ್ರೆ ಒಂದು ಇನ್ನೊಂದನ್ನ ಹಾಳು ಮಾಡಲ್ವಾ? ಜಿಮ್ ಕಡೆಯವರು ಓಡಿದ್ರೆ ಮಸಲ್ ಕರಗುತ್ತೆ ಅಂತಾರೆ, ಓಟದ ಕಡೆಯವರು ವೇಟ್ಸ್ ಎತ್ತಿದ್ರೆ ಮೈ ದಪ್ಪ ಆಗಿ ಸ್ಪೀಡ್ ಹೋಗುತ್ತೆ ಅಂತಾರೆ. ನನ್ನ ಉತ್ತರ ಏನಂದ್ರೆ, ವಾರಕ್ಕೆ ಮೂರ್ನಾಲ್ಕು ದಿನ ಓಡಿ ಎರಡು ದಿನ ವೇಟ್ಸ್ ಎತ್ತೋ ನಮ್ಮಂಥವರಿಗೆ ಏನೂ ಹಾಳಾಗಲ್ಲ, ಬದಲಿಗೆ ಒಂದಕ್ಕೊಂದು ಆಸರೆ ಆಗುತ್ತೆ, ಆದ್ರೆ ಯಾವುದನ್ನ ಯಾವ ದಿನ ಇಟ್ಕೊತೀರಿ ಅನ್ನೋದ್ರಲ್ಲಿದೆ ಎಲ್ಲಾ.

ಈ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಅನ್ನೋ ಸಂಶೋಧಕರು 10 ವಾರದ ಒಂದು ಪ್ರಯೋಗ ಮಾಡಿದ್ರು. ಒಂದು ಗುಂಪಿಗೆ ಬರೀ ವೇಟ್ಸ್, ಇನ್ನೊಂದಕ್ಕೆ ಬರೀ ಸೈಕಲ್ ಮತ್ತು ಓಟ, ಮೂರನೇದಕ್ಕೆ ಎರಡೂ. ಎರಡೂ ಮಾಡಿದವರ ಕಾಲಿನ ಬಲ ಆರೇಳು ವಾರ ಚೆನ್ನಾಗೇ ಏರ್ತು, ಆಮೇಲೆ ನಿಂತೋಯ್ತು, ಕೊನೆ ಎರಡು ವಾರದಲ್ಲಿ ಇಳೀತು. ಜನ ಇಷ್ಟನ್ನೇ ನೆನಪಿಟ್ಕೊಂಡಿದ್ದಾರೆ. ಆದ್ರೆ ಆ ಗುಂಪಿನವರು ವಾರಕ್ಕೆ 5 ದಿನ ವೇಟ್ಸು, 6 ದಿನ ದಮ್ಮು ಕಟ್ಟೋ ಹಾಗೆ ಸೈಕಲ್ಲು ಓಟ ಮಾಡ್ತಿದ್ರು ಅನ್ನೋದನ್ನ ಯಾರೂ ಹೇಳಲ್ಲ. ಅಷ್ಟು ಮಾಡಿದ್ರೆ ಯಾವ ಕಾಲು ತಾನೇ ಸುಧಾರಿಸ್ಕೊಳ್ಳುತ್ತೆ ಹೇಳಿ? ಇನ್ನೊಂದು ವಿಷ್ಯ, ಅವರ ದಮ್ಮು ಮಾತ್ರ ಬರೀ ಸೈಕಲ್ಲು ಓಟ ಮಾಡಿದವರಷ್ಟೇ ಏರಿತ್ತು, ವೇಟ್ಸ್ ಅದಕ್ಕೇನೂ ಅಡ್ಡ ಬರ್ಲಿಲ್ಲ.

ಓಡೋರಿಗೆ ವೇಟ್ಸ್ ಯಾಕೆ ಬೇಕು ಅಂದ್ರೆ, ಓಡುವಾಗ ಒಂದೊಂದು ಹೆಜ್ಜೆಗೂ ನೆಲದಿಂದ ನಮ್ಮ ತೂಕದ ಎರಡು ಮೂರು ಪಟ್ಟು ಬಲ ಬಂದು ಒಂಟಿ ಕಾಲಿಗೆ ಬಡಿಯುತ್ತೆ, ನಿಮಿಷಕ್ಕೆ 160–170 ಹೆಜ್ಜೆ ಅಂದ್ಕೊಂಡ್ರೂ ಅರ್ಧ ಗಂಟೆಗೆ ಸುಮಾರು 5,000 ಸಲ. ಅದನ್ನ ತಡ್ಕೊಳ್ಳೋದ್ರಲ್ಲಿ ದೊಡ್ಡ ಪಾಲು ಮೀನಖಂಡದ ಒಳಗಡೆ ಇರೋ ಸೋಲಿಯಸ್ ಅನ್ನೋ ಮಸಲ್‌ದು. ಅದರ ಸ್ಥಿತಿ ಹೇಗಿದೆ ಅಂತ ಈಗ್ಲೇ ನೋಡ್ಬೋದು: ಮೆಟ್ಟಿಲ ಅಂಚಲ್ಲಿ ಒಂದು ಪಾದದ ಮುಂಭಾಗ ಮಾತ್ರ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಗೋಡೆಗೆ ಬೆರಳು ತಾಗಿಸ್ಕೊಂಡು, ಹಿಮ್ಮಡಿನ ನಿಧಾನಕ್ಕೆ ಮೇಲೆತ್ತಿ ಅಷ್ಟೇ ನಿಧಾನಕ್ಕೆ ಕೆಳಗಿಳಿಸಿ. ಹತ್ತು ಹನ್ನೆರಡಕ್ಕೆ ಬರೋ ಹೊತ್ತಿಗೆ ಕಾಲು ನಡುಗೋಕೆ ಶುರುವಾಗುತ್ತೆ, ಹಿಮ್ಮಡಿ ಮೊದಲಿನಷ್ಟು ಎತ್ತರ ಹೋಗಲ್ಲ, ಮಂಡಿ ತಾನಾಗೇ ನೆಟ್ಟಗಾಗ್ಬಿಡುತ್ತೆ. ವರ್ಷಗಟ್ಲೆ ಓಡಿದವರಲ್ಲೂ ಇದನ್ನ ನೋಡಿದೀನಿ, ದಮ್ಮು ಬೇಕಾದಷ್ಟಿರುತ್ತೆ, ಕಾಲಲ್ಲಿ ಬಲ ಇರಲ್ಲ.

ಸ್ಪೀಡ್ ಹೋಗುತ್ತೆ ಅನ್ನೋದಕ್ಕೆ ಫಿನ್ಲೆಂಡಿನ ಲೀನಾ ಪಾವೊಲೈನೆನ್ ಮತ್ತವರ ತಂಡ 1999ರಲ್ಲೇ ಉತ್ತರ ಕೊಟ್ಟಿದೆ. ಪಳಗಿದ ಓಟಗಾರರ ಟ್ರೇನಿಂಗ್‌ನಲ್ಲಿ ಹತ್ರ ಹತ್ರ ಮೂರನೇ ಒಂದು ಭಾಗ ತೆಗೆದು ಅಲ್ಲಿ ಜಂಪು, ಸ್ಪ್ರಿಂಟು, ಹಗುರ ಭಾರ ಇಟ್ಟು ವೇಗವಾಗಿ ಮಾಡೋ ಲೆಗ್ ಪ್ರೆಸ್ (ಮೆಷಿನ್‌ನಲ್ಲಿ ಕೂತು ಕಾಲಿಂದ ಭಾರ ತಳ್ಳೋದು) ಸೇರಿಸಿದ್ರು. 9 ವಾರ ಆದ್ಮೇಲೆ 5 ಕಿಲೋಮೀಟರ್ ಟೈಮ್ ಕಮ್ಮಿ ಆಗಿತ್ತು, ಆಕ್ಸಿಜನ್ ಬಳಸೋ ಗರಿಷ್ಠ ಸಾಮರ್ಥ್ಯ ಏರದೇನೇ. ಅಂದ್ರೆ ಅದೇ ವೇಗಕ್ಕೆ ಮೈ ಕಮ್ಮಿ ಖರ್ಚು ಮಾಡೋದನ್ನ ಕಲ್ತಿತ್ತು.

ಈಗ ಯಾವ ದಿನ ಏನು ಅನ್ನೋದು. ಸುಮಾರು ಜನ ಇಲ್ಲೇ ಎಡವೋದು, ನಿನ್ನೆ ಸಂಜೆ ಜೋರಾಗಿ ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು) ಹೊಡ್ದು ಇವತ್ತು ಬೆಳಗ್ಗೆ ಇಂಟರ್ವಲ್, ಅಂದ್ರೆ ಸ್ವಲ್ಪ ಹೊತ್ತು ಜೋರಾಗಿ ಓಡಿ, ಸುಧಾರಿಸ್ಕೊಂಡು ಮತ್ತೆ ಜೋರಾಗಿ ಓಡೋದು, ಮಾಡೋಕೆ ಹೋಗ್ತಾರೆ, ತೊಡೆ ಕಬ್ಬಿಣ ಆಗಿರುತ್ತೆ, ಸ್ಟೈಲ್ ಕೆಟ್ಟು ಮಂಡಿ ನೋಯುತ್ತೆ, ಆಮೇಲೆ ಎರಡೂ ಒಟ್ಟಿಗೆ ಆಗಿಬರಲ್ಲ ಅಂತ ತೀರ್ಮಾನ ಮಾಡ್ತಾರೆ. ನಾನು ಹೇಳೋದು, ಕಷ್ಟದ ಕೆಲ್ಸ ಎರಡನ್ನೂ ಒಂದೇ ದಿನಕ್ಕೆ ಹಾಕ್ಕೊಳ್ಳಿ. ಬೆಳಗ್ಗೆ ವೇಗದ ಓಟ, ಸಂಜೆ ಕಾಲಿನ ವೇಟ್ಸ್, ನಡುವೆ ಆರು ಗಂಟೆ ಆದ್ರೂ ಬಿಡುವಿರ್ಲಿ, ಮಾರನೇ ದಿನ ಮಾತಾಡ್ಕೊಂಡು ಓಡೋ ಅಷ್ಟು ಸುಲಭದ ಓಟ, ಇಲ್ಲಾ ಪೂರ್ತಿ ರೆಸ್ಟ್. ಕೈ, ಭುಜ, ಬೆನ್ನಿನ ಕೆಲ್ಸ ಯಾವತ್ತು ಮಾಡಿದ್ರೂ ನಡೆಯುತ್ತೆ. ಒಂದೇ ಹೊತ್ತು ಸಿಗೋದು ಅನ್ನೋರು ತಮಗೆ ಯಾವುದು ಮುಖ್ಯವೋ ಅದನ್ನ ಮೊದಲು ಮಾಡ್ಲಿ.

ವೇಟ್ಸ್ ಲಿಸ್ಟ್ ದೊಡ್ಡದು ಬೇಡ. ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದ ಮೇಲಿರೋ ಭಾರ ಎತ್ತಿ ನೆಟ್ಟಗೆ ನಿಲ್ಲೋದು), ಒಂಟಿ ಕಾಲಿನ ಒಂದು ವ್ಯಾಯಾಮ, ಮೇಲೆ ಹೇಳಿದ ಹಿಮ್ಮಡಿ ಎತ್ತೋದು, ಒಂದು ತಳ್ಳೋದು ಒಂದು ಎಳೆಯೋದು, ಸಾಕು. ಆದ್ರೆ ಓಡೋರು ಹಗುರ ಡಂಬಲ್ ಹಿಡ್ದು 30 ಸಲ ಎತ್ತೋ ಅಭ್ಯಾಸ ಬಿಡ್ಬೇಕು, ಸಾವಿರಾರು ಸಲ ಮಾಡೋ ಕೆಲ್ಸ ಓಟದಲ್ಲೇ ಆಗ್ತಿದೆಯಲ್ಲಾ, ಇಲ್ಲಿ ಬೇಕಿರೋದು ಐದಾರು ಸಲಕ್ಕೇ ಸಾಕಪ್ಪಾ ಅನ್ಸೋ ಭಾರ. ಹೊಸಬರು ಮಾತ್ರ ಮೊದಲ ತಿಂಗಳು ಫಾರ್ಮ್, ಅಂದ್ರೆ ಸರಿಯಾಗಿ ಎತ್ತೋ ರೀತಿ, ಕಲಿಯೋಕಂತಾನೇ ಇಟ್ಕೊಳ್ಳಿ.

ಇನ್ನು ಮಸಲ್ ಕರಗೋದು ನಿಜವಾಗ್ಲೂ ಯಾವಾಗ ಅಂದ್ರೆ, ಓಟ ಜಾಸ್ತಿ ಮಾಡಿ ಊಟ ಜಾಸ್ತಿ ಮಾಡದೇ ಇದ್ದಾಗ, ನಿದ್ದೆ ಕೆಟ್ಟಾಗ. ತೂಕ ಇಳಿಸೋ ಆತುರದಲ್ಲಿ ಊಟಾನೂ ಕಡಿದು ಓಟಾನೂ ಏರಿಸಿ ಕೊನೆಗೆ ತಪ್ಪನ್ನ ಓಟದ ತಲೆಗೆ ಕಟ್ತಾರೆ, ನಂಗೆ ಬೇಜಾರಾಗೋದೇ ಇದಕ್ಕೆ. ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಸಾಕಾಗುತ್ತೆ.

ವಯಸ್ಸಾದವರೂ ಕೇಳ್ತಾರೆ, ನಮಗೂ ಇದೆಲ್ಲಾ ಬೇಕಾ ಅಂತ. ಖಂಡಿತ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ ಜೊತೆ ಕನಿಷ್ಠ 2 ದಿನ ಮಸಲ್‌ಗೆ ಕೆಲ್ಸ ಕೊಡಿ ಅಂತಿದೆ, 65 ದಾಟಿದವರಿಗೂ ಅದೇ ಲೆಕ್ಕ. ಓಡೋಕೆ ಆಗ್ದಿದ್ರೆ ಬಿರುಸಾಗಿ ನಡೀರಿ, ಕುರ್ಚಿಯಿಂದ ಕೈ ಊರದೆ ಎದ್ದು ಮತ್ತೆ ನಿಧಾನಕ್ಕೆ ಕೂತ್ಕೊಳ್ಳೋದ್ರಿಂದ ಶುರು ಮಾಡಿ, ಅದು ಸಲೀಸಾದ್ಮೇಲೆ ಕೈಯಲ್ಲಿ ಏನಾದ್ರೂ ಭಾರ ಹಿಡ್ಕೊಳ್ಳಿ.